ಎದುರಿಗೆ ಕುಂತ ಮಹಾರಾಷ್ಟ್ರ

ಮಹಾರಾಷ್ಟ್ರದ ನಂಬರ್ ಪ್ಲೇಟಿನ ಲಾರಿಯೊಂದು ಶಿಗ್ಗಾಂವದ ಹೈವೇ ಪಕ್ಕದ ಖಾನಾವಳಿ ಮುಂದೆ ಬಂದು ನಿಂತಾಗ ನಾನು ಎರಡನೇ ರೊಟ್ಟಿ ಮುರಿಯುತ್ತಿದ್ದೆ. ಗೋಡೆಯ ಟಿವಿಯಲ್ಲಿ 'ಗಡಿ ಧಗಧಗ' ಎಂಬ ಕೆಂಪು ಅಕ್ಷರ ಓಡುತ್ತಿತ್ತು. ನಿರೂಪಕ ಕೂಗುವುದು ಕೇಳಿದರೆ ಅದು ಬೆಳಗಾವಿಯಾಚೆಯ ಗಡಿಯೋ, ಪಾಕಿಸ್ತಾನದ್ದೋ ತಿಳಿಯುವಂತಿರಲಿಲ್ಲ. ಒಂದೇ ಬಸ್ಸಿನ ಒಡೆದ ಗಾಜನ್ನು ಹತ್ತು ಸಲ ತೋರಿಸಿದ್ದರು. ನನ್ನ ರಕ್ತವೂ ಹತ್ತು ಸಲ ಕುದಿದಿತ್ತು.

ಬೇರೆ ಜಾಗವಿಲ್ಲದೆ ಡ್ರೈವರ್ ನನ್ನೆದುರಿಗೇ ಕುಂತ. ರಿಮೋಟ್ ನನ್ನ ತಾಟಿನ ಪಕ್ಕದಲ್ಲೇ ಇತ್ತು. ಕೇಳಲಿ ಮಗ ಎಂದು ಸೌಂಡ್ ಏರಿಸಿದೆ. ಕರ್ನಾಟಕದ ಪರವಾಗಿ ನನ್ನ ಹೋರಾಟ ಅಷ್ಟಕ್ಕೇ ಮುಗಿಯಿತು.

ಊಟ ಬಡಿಸುವ ಅಕ್ಕ ಅವನನ್ನು ಗಾಬರಿಯಿಂದ ಕೇಳಿದಳು: "ಗಡಿ ದಾಟಿ ಬಂದ್ರೇನ್ರಿ? ಅಲ್ಲೆ ಭಾಳ ಗದ್ದಲ ಐತೇನು?"

"ಮುಂಜಾನೆ ಅಲ್ಲಿಂದನ ಬಂದೇನಿ ಅಕ್ಕಾರ. ನಿಂತು ಚಾ ಕುಡದೇನಿ, ಟೈರಿಗೆ ಗಾಳಿ ಹಾಕಿಸೇನಿ. ಇಷ್ಟು ಗದ್ದಲ ಇಲ್ಲೇ ನೋಡಾಕತ್ತೇನಿ," ಎಂದ, ನಮ್ಮದೇ ಕನ್ನಡದಲ್ಲಿ.

ಖಾನಾವಳಿಯೆಲ್ಲ ನಕ್ಕಿತು. ಆತ ರೊಟ್ಟಿ ಮುರಿದು, ಬಾಯಿಗಿಡುವ ಮೊದಲು ನನ್ನ ಕಡೆ ನೋಡಿ, "ಬರ್ರಿ, ಊಟಾ ಮಾಡೂಣು" ಎಂದ.

ಪಕ್ಕದಲ್ಲಿ ಯಾರೇ ಇರಲಿ, ಈ ಮಾತು ಹೇಳದೆ ತುತ್ತು ಎತ್ತಬಾರದೆಂದು ಹಾನಗಲ್ಲಿನ ನಮ್ಮವ್ವ ಕಲಿಸಿದ್ದಳು. ಆತ ಬಂದು ಕುಂತಾಗ ಉಣ್ಣುತ್ತಿದ್ದವನು ನಾನು. ಆ ಮಾತು ಮೊದಲು ನನ್ನಿಂದ ಬರಬೇಕಿತ್ತು. ಬಂದದ್ದು ಟಿವಿಯ ಸೌಂಡು.