ಟವೆಲ್ಲಿನ ಕೆಳಗಿನ ಬೆರಳು

ನನಗೆ ಒಂದು ಕಡೆ ಕೂರುವ ಅಭ್ಯಾಸವಿಲ್ಲ. ಊಟಕ್ಕೆ ಕೂತರೂ ಎಡಗಾಲು ಅಲ್ಲಾಡುತ್ತಲೇ ಇರುತ್ತದೆ. ಬಸ್ಸು ನಿಲ್ಲುವ ಮೊದಲೇ ಬಾಗಿಲ ಹತ್ತಿರ ಬಂದು ನಿಂತಿರುತ್ತೇನೆ. "ಲೇ, ಮೊದ್ಲು ಇಳಿದೋರಿಗೆ ಊರು ಬರ್ಕೊಡ್ತಾರೇನ್ಲೇ?" ಎಂದು ಅಪ್ಪ ರೇಗಿಸುತ್ತಿದ್ದ. ಅಪ್ಪ ಈ ವಿಷಯದಲ್ಲಿ ನನಗೆ ತದ್ವಿರುದ್ಧ. ಚಳ್ಳಕೆರೆಯ ಕುರಿ ಸಂತೆಯಲ್ಲಿ ದಲ್ಲಾಳಿ. ಒಂದು ಟಗರಿನ ಮುಂದೆ ಕುಕ್ಕರಗಾಲಲ್ಲಿ ಕೂತನೆಂದರೆ ನೆರಳು ಈ ಮಗ್ಗುಲಿಂದ ಆ ಮಗ್ಗುಲಿಗೆ ಸರಿದರೂ ಏಳುತ್ತಿರಲಿಲ್ಲ.

ಆ ಸಂತೆಯ ವ್ಯಾಪಾರ ನೋಡದವರಿಗೆ ಸ್ವಲ್ಪ ಹೇಳಬೇಕು. ಅಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ದಲ್ಲಾಳಿ ಹೆಗಲ ಮೇಲಿನ ಟವೆಲ್ಲನ್ನು ಬಲಗೈ ಮೇಲೆ ಇಳಿಬಿಟ್ಟುಕೊಂಡು ಮಾರುವವನ ಕೈಯನ್ನು ಅದರೊಳಗೆ ಎಳೆದುಕೊಳ್ಳುತ್ತಾನೆ. ಒಂದು ಬೆರಳು ಹಿಡಿದರೆ ನೂರು, ಎರಡು ಹಿಡಿದರೆ ಇನ್ನೂರು. ನಡುವಿನ ಗೆಣ್ಣು ಒತ್ತಿದರೆ ಅರ್ಧ. ಸುತ್ತ ಎಷ್ಟು ಜನ ನಿಂತಿದ್ದರೂ ಒಳಗೆ ಏನಾಯಿತೆಂಬುದು ಆ ಎರಡು ಕೈಗಳಿಗೆ ಮಾತ್ರ ಗೊತ್ತು. ಇದಕ್ಕೆ ಎರಡು ಕಟ್ಟುಪಾಡು. ಮಾತು ಒಂದು ತೀರ್ಮಾನಕ್ಕೆ ಬರುವತನಕ ಕೈ ಬಿಡಬಾರದು. ವ್ಯಾಪಾರ ಮುರಿದುಬಿದ್ದರೆ, ಟವೆಲ್ಲಿನ ಕೆಳಗೆ ಆದದ್ದನ್ನು ಸಾಯುವತನಕ ಬಾಯಲ್ಲಿ ಆಡಬಾರದು. ಅಪ್ಪ ಕುಡಿದಾಗಲೂ ಆಡಿದವನಲ್ಲ.

ನನಗೆ ಆ ಟವೆಲ್ಲೆಂದರೆ ನಾಚಿಕೆ. ನಾನು ಪ್ಯಾಂಟು ಹಾಕುವವನು, ಮದುವೆಗಳಿಗೆ ವ್ಯಾನ್ ಬಾಡಿಗೆ ಓಡಿಸುವವನು. ಎರಡು ಸಾವಿರದ ಇಸವಿಯ ಆಸುಪಾಸಿಗೆ ನಮ್ಮ ಕಡೆ ಒಂದು ಹೊಸ ಶೋಕಿ ಶುರುವಾಗಿತ್ತು. ಗಂಡು ವ್ಯಾನಿನಲ್ಲಿ ಬಂದಿಳಿದರೆ ಬೀಗರ ಮುಖ ಸಣ್ಣದಾಗುತ್ತಿತ್ತು. ಉದ್ದನೆಯ ಕಾರು ಬೇಕು, ಬಿಳಿಯದೇ ಬೇಕು, ಅದರ ಮೂತಿಯ ಮೇಲೆ ಚೆಂಡುಹೂವಿನ ಹಾರ ಬೇಕು. ಅಂಥ ಕಾರು ಬಳ್ಳಾರಿಯಿಂದಲೋ ಚಿತ್ರದುರ್ಗದಿಂದಲೋ ಬರುತ್ತಿತ್ತು. ಅದರ ಡ್ರೈವರ್ ನನ್ನ ವ್ಯಾನಿನ ಪಕ್ಕ ನಿಲ್ಲಿಸಿ ಗಾಜು ಒರೆಸುವುದನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು. ಒಂದು ಮುಹೂರ್ತದ ತಿಂಗಳಲ್ಲಿ ಬಂದ ನಾಲ್ಕು ಬಾಡಿಗೆ ಕೈತಪ್ಪಿದ ಮೇಲೆ ನಿದ್ದೆಯೂ ತಪ್ಪಿತು. ಅಂಥದ್ದೊಂದು ಕಾರು ನನ್ನದಾಗದಿದ್ದರೆ ಮುಂದಿನ ವರ್ಷ ನನ್ನನ್ನು ಯಾರೂ ಕೇಳುವುದಿಲ್ಲ ಎಂದು ಅನ್ನಿಸಿಬಿಟ್ಟಿತು.

ದಾವಣಗೆರೆಯ ಶೋರೂಮಿಗೆ ಹೋಗಿ ಹೊಸದರ ಬೆಲೆ ಕೇಳಿದೆ. ಟೈ ಕಟ್ಟಿದ ಹುಡುಗ ನೀರು ಕೊಟ್ಟ. ಬೆಲೆ ಕೇಳಿದ ಮೇಲೆ ಆ ನೀರನ್ನು ಪೂರ್ತಿ ಕುಡಿದೆ. ಆಗಲೇ ಮೊಳಕಾಲ್ಮೂರಿನ ಒಂದು ಕಾರಿನ ಸುದ್ದಿ ಬಂತು. ಅಲ್ಲಿನ ರೇಷ್ಮೆ ಸೀರೆಯ ವ್ಯಾಪಾರಿಯೊಬ್ಬರು ಒಳ್ಳೆಯ ಕಾಲದಲ್ಲಿ ಬೆಂಗಳೂರಿನಿಂದ ತರಿಸಿದ್ದ ಕಾರಂತೆ. ಅವರು ಎದೆನೋವಿನಿಂದ ತೀರಿಕೊಂಡು ಏಳೆಂಟು ತಿಂಗಳಾಗಿತ್ತು. ಹೆಂಡತಿಗೆ ಓಡಿಸಲು ಬಾರದು, ಮಾರುತ್ತಾರಂತೆ. ನಾನು ನಂಬಿದ್ದ ಚಳ್ಳಕೆರೆಯ ಮೆಕ್ಯಾನಿಕ್ ಸಾಹೇಬರನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವರು ಇಂಜಿನ್ನಿಗೆ ಕಿವಿಕೊಟ್ಟು, ಕೈ ಒರೆಸಿಕೊಂಡು, "ಮಾಲ್ ಅಸಲಿ ಐತೆ ಭಾಯ್. ಐದು ಲಕ್ಷಕ್ಕೆ ಕಣ್ಣು ಮುಚ್ಕೊಂಡು ತಗೋ" ಎಂದರು. ನನ್ನ ಹತ್ತಿರ ಎಲ್ಲಾ ಸೇರಿ ನಾಲ್ಕೂವರೆ ಇತ್ತು. ಆ ಅರ್ಧಕ್ಕಾಗಿ ಅಪ್ಪನನ್ನು ಕರೆದುಕೊಂಡು ಹೋಗಬೇಕಾಯಿತು. ಬೆಲೆ ಇಳಿಸುವುದರಲ್ಲಿ ಅಪ್ಪನನ್ನು ಮೀರಿಸಿದವರನ್ನು ನಾನು ಕಂಡಿರಲಿಲ್ಲ. ನಾಚಿಕೆಯನ್ನು ಜೇಬಿನಲ್ಲಿಟ್ಟುಕೊಂಡು ಕೇಳಿದೆ.

"ಕಾರಿಗೂ ಕುರಿಗೂ ಏನ್ಲೇ ವ್ಯತ್ಯಾಸ? ಎರಡಕ್ಕೂ ನಾಕು ಕಾಲು" ಎಂದು ಅಪ್ಪ ಟವೆಲ್ ಕೊಡವಿ ಎದ್ದ.

ದಾರಿಯಲ್ಲಿ ತಳಕು ದಾಟಿ ಬಿ.ಜಿ. ಕೆರೆ ಬರುವತನಕ ನಾನು ಪಾಠ ಹೇಳುತ್ತಲೇ ಇದ್ದೆ. ಹೀಗೆ ಮಾತಾಡು, ಹೀಗೆ ಕೂರು, ಆ ಟವೆಲ್ಲನ್ನು ವ್ಯಾನಿನಲ್ಲೇ ಬಿಡು. ಅಪ್ಪ ಹೂಂ ಹೂಂ ಎನ್ನುತ್ತಾ ಕಿಟಕಿಯಾಚೆ ಮೇಯುತ್ತಿದ್ದ ಮಂದೆಗಳನ್ನು ಎಣಿಸುತ್ತಿದ್ದ.

ಆ ಓಣಿ ಎಷ್ಟು ಇಕ್ಕಟ್ಟೆಂದರೆ ಅಂಥ ಕಾರು ಒಳಗೆ ಹೋದದ್ದೇ ಆಶ್ಚರ್ಯ. ಎರಡೂ ಬದಿಯ ಮನೆಗಳಿಂದ ಮಗ್ಗದ ಸದ್ದು. ಮನೆ ಮುಂದಿನ ತಗಡಿನ ಮಾಡಿನ ಕೆಳಗೆ, ಹಳೆ ಸೀರೆಗಳನ್ನು ಜೋಡಿಸಿ ಹೊಲಿದ ಹೊದಿಕೆ ಹೊದ್ದು ಅದು ನಿಂತಿತ್ತು. ಹೊದಿಕೆ ತೆಗೆದಾಗ ನನ್ನ ಕಾಲು ಅಲ್ಲಾಡುವುದನ್ನೇ ನಿಲ್ಲಿಸಿತು. ಬಿಳಿ ಬಣ್ಣ, ಚರ್ಮದ ಸೀಟು, ಗುಂಡಿ ಒತ್ತಿದರೆ ಇಳಿಯುವ ಕಿಟಕಿ. ಅಪ್ಪ ಮಾತ್ರ ಮುಖದಲ್ಲಿ ಏನೂ ತೋರಿಸದೆ ಸುತ್ತ ಒಂದು ಸುತ್ತು ಬಂದು, ಟೈರನ್ನು ಹೆಬ್ಬೆರಳಲ್ಲಿ ಒತ್ತಿ, ಬಗ್ಗಿ ಹೊಟ್ಟೆಯ ಕೆಳಗೆ ನೋಡಿ, "ಬಾಳ ದಿನ ನಿಂತ ಮಾಲು" ಎಂದು ಮೂಗೆಳೆದ.

ತೀರಿಕೊಂಡ ವ್ಯಾಪಾರಿಯ ಹೆಂಡತಿ, ಆಯಮ್ಮ, ಬಾಗಿಲಲ್ಲಿ ನಿಂತಿದ್ದರು. ಐವತ್ತರ ಹತ್ತಿರದ ಹೆಂಗಸು. ನಮಗೆ ಮಜ್ಜಿಗೆ ಕೊಟ್ಟು ತಾವೇ ಮಾತು ತೆಗೆದರು. "ಅಣ್ಣಾ, ನಂಗೆ ವ್ಯಾಪಾರ ಬರಲ್ಲ. ನಮ್ಮನೆಯೋರು ಐದರ ಮೇಲೆ ಬಾಳ್ತೈತೆ ಅಂತಿದ್ರು..."

ಅಪ್ಪ ಹಾವು ಕಂಡವನಂತೆ ಕೈ ಎತ್ತಿದ. "ಬಾಯಾಗೆ ಹೇಳ್ಬ್ಯಾಡಮ್ಮ! ಹಂಗೆಲ್ಲ ಹೇಳ್ಬಾರ್ದು."

ಅವನ ಆಯುಷ್ಯದಲ್ಲಿ ಯಾರೂ ಅವನೆದುರು ಮೊದಲ ಮಾತಿಗೇ ಬೆಲೆಯನ್ನು ಗಟ್ಟಿಯಾಗಿ ಹೇಳಿರಲಿಲ್ಲ. ಟವೆಲ್ಲನ್ನು ಕೈ ಮೇಲೆ ಹಾಕಿಕೊಂಡ. ಆಮೇಲೆ ತಬ್ಬಿಬ್ಬಾದ. ಪರ ಹೆಂಗಸಿನ ಕೈ ಹಿಡಿಯುವುದು ಹೇಗೆ? ಅಪ್ಪನ ಸಂತೆಯಲ್ಲಿ ಹೆಂಗಸರು ಮಾರುತ್ತಿರಲಿಲ್ಲ. ಟವೆಲ್ಲಿನ ಕೆಳಗೆ ಕೈಯಾಡಿಸುತ್ತಾ, "ಮನ್ಯಾಗೆ ಗಂಡಸ್ರು ಯಾರಾದ್ರೂ ಅದಾರೇನಮ್ಮ?" ಎಂದ.

ಗಂಡನ ತಮ್ಮ ಬಂದ. ಎದುರು ಮನೆಯವನೇ. ಇಸ್ತ್ರಿ ಅಂಗಿ, ಬಾಯಲ್ಲಿ ಎಲೆ ಅಡಿಕೆ. ಇವನಿಗೆ ಸಂತೆಯ ರೀತಿ ಗೊತ್ತಿತ್ತು. "ಒಂದ್ ಬೆರಳಿಗೆ ಒಂದ್ ಲಕ್ಷ" ಎಂದು ಅಪ್ಪ ಗಟ್ಟಿಯಾಗಿ ಹೇಳಿದ. ಇಬ್ಬರೂ ಜಗಲಿಯ ಮೇಲೆ ಎದುರುಬದುರು ಕೂತರು. ಕೈಗಳು ಟವೆಲ್ಲಿನೊಳಗೆ ಹೋದವು.

ನಾನು ವ್ಯಾನಿನ ಕೀಲಿ ಹಿಡಿದು ಓಣಿಯುದ್ದಕ್ಕೂ ಅತ್ತಿಂದಿತ್ತ ತಿರುಗಿದೆ. ಬಂದು ನೋಡಿದರೆ ಟವೆಲ್ ಅಲ್ಲಾಡುತ್ತಿದೆ. ಇನ್ನೊಂದು ಸುತ್ತು ಹೋದೆ. ಮೂರನೆಯ ಸಲ ಬಂದಾಗ ಅಪ್ಪನ ಮುಖ ಗಂಟಿಕ್ಕಿತ್ತು. ನಾನು ನೋಡುತ್ತಿದ್ದಂತೆಯೇ ಅಪ್ಪ ಕೈಯನ್ನು ಕಿತ್ತುಕೊಂಡು, ಟವೆಲ್ ಹೆಗಲಿಗೆಸೆದು, "ಕುದುರಲಿಲ್ಲ. ನಡೀಲೇ" ಎಂದ. ಆಯಮ್ಮ ಬಾಗಿಲಿಂದ ಅಪ್ಪನ ಮುಖವನ್ನೂ ಮೈದುನನ ಮುಖವನ್ನೂ ನೋಡಿದರು.

ವಾಪಸ್ ಬರುವಾಗ ನಾನು ಆಡಬಾರದ್ದನ್ನೆಲ್ಲ ಆಡಿದೆ. "ಎಷ್ಟು ಕೇಳ್ದ ಅವ್ನು? ಹೇಳು. ಐದಾ? ನಾಲ್ಕೂ ಮುಕ್ಕಾಲಾ?" ಅಪ್ಪ ಕಿಟಕಿಯಾಚೆಗೆ ಮುಖ ತಿರುಗಿಸಿದ. "ನಿಂಗೆ ಕುರಿ ಬಿಟ್ರೆ ಏನು ಗೊತ್ತೈತೆ?" ಎಂದೆ. ಬಿ.ಜಿ. ಕೆರೆಯಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ, "ಆ ಕಾರು ಬ್ಯಾಡ ಬಿಡು. ಬ್ಯಾರೆ ನೋಡಾನ" ಎಂದ, ಅಷ್ಟೆ.

ಎರಡು ದಿನ ಹೇಗೋ ಕಳೆದೆ. ಮೂರನೆಯ ದಿನ ಆ ಮೈದುನನೇ ಚಳ್ಳಕೆರೆಗೆ ಬಂದು ಬಸ್ ಸ್ಟ್ಯಾಂಡಿನ ಹೋಟೆಲಿನಿಂದ ಹೇಳಿಕಳಿಸಿದ. ಖಾಲಿ ದೋಸೆ ತಿನ್ನುತ್ತಾ, "ನಾಲ್ಕಕ್ಕೆ ಕೊಡ್ತೀವಿ. ಇವತ್ತೇ ಹೂಂ ಅಂದ್ರೆ ಮಾತ್ರ" ಎಂದ. ನಾಲ್ಕು! ಮೆಕ್ಯಾನಿಕ್ ಐದು ಎಂದದ್ದು ನಾಲ್ಕಕ್ಕೆ! ದುಡ್ಡನ್ನು ಮನೆಯಲ್ಲಿ ಬೇಡ, ಇಲ್ಲೇ ತನ್ನ ಕೈಗೆ ಕೊಡಬೇಕು ಎಂದ. ಅತ್ತಿಗೆಗೆ ದುಡ್ಡಿನ ಮಾತು ಎತ್ತಿದರೆ ಗಂಡನ ನೆನಪಾಗಿ ಅಳುತ್ತಾಳೆ, ಅವಳೆದುರು ಬೆಲೆಯ ಸುದ್ದಿ ತೆಗೆಯಬೇಡ ಎಂದ. ನನಗೆ ಅನುಮಾನವೇ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಆದರೆ ಅನುಮಾನದ ಜೊತೆ ಕೂರುವಷ್ಟು ಸಮಾಧಾನ ನನಗಿರಲಿಲ್ಲ. ಮಾರನೆಯ ದಿನ ಅದೇ ಹೋಟೆಲಿನಲ್ಲಿ ದುಡ್ಡು ಕೊಟ್ಟು, ಮೊಳಕಾಲ್ಮೂರಿಗೆ ಹೋದೆ. ಆಯಮ್ಮ ಆರ್‌ಟಿಒ ಫಾರ್ಮಿಗೆ ಸಹಿ ಹಾಕಿದರು. ಅದರಲ್ಲಿ ಬೆಲೆ ಬರೆಯುವ ಜಾಗ ಇರಲಿಲ್ಲ. ಕಾರಿನ ಬಾಗಿಲನ್ನು ಒಮ್ಮೆ ಸವರಿ, "ಜಾಗ್ರತೆ ನಾಯ್ನಾ, ಮೆಲ್ಲಗೆ ಓಡ್ಸು" ಎಂದು ಮಗನಿಗೆ ಹೇಳುವಂತೆ ಹೇಳಿದರು.

ಮನೆ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದೆ. ಅವ್ವ ಆರತಿ ತಂದಳು. ಅಪ್ಪ ಜಗಲಿಯಿಂದ ಇಳಿಯಲಿಲ್ಲ.

"ಎಷ್ಟಕ್ಕೆ?"

"ನಾಲ್ಕಕ್ಕೆ. ನಿನ್ನ ಟವೆಲ್ಲಿಂದ ಆಗದ್ದು ನನ್ನಿಂದ ಆಯ್ತು ನೋಡು."

"ದುಡ್ಡು ಯಾರ ಕೈಗೆ ಕೊಟ್ಟೆ?"

"ಅವ್ನ ಕೈಗೇ. ಗಂಡನ ತಮ್ಮನ ಕೈಗೆ."

ಅಪ್ಪ ಚಪ್ಪಲಿ ಮೆಟ್ಟಿಕೊಂಡು ಕಾರನ್ನು ಬಳಸಿ ನಡೆದು ಹೋದ.

ಮೂರು ವರ್ಷ ಆ ಕಾರು ನನ್ನನ್ನು ಸಾಕಿತು. ಎಷ್ಟು ಮದುಮಕ್ಕಳು ಅದರಲ್ಲಿ ಕೂತರೋ ಲೆಕ್ಕವಿಲ್ಲ. ಅಪ್ಪ ಮಾತ್ರ ಒಂದು ದಿನವೂ ಕೂರಲಿಲ್ಲ. ಸಂತೆಗೆ ಬಿಡುತ್ತೇನೆಂದರೆ, ಮೈಯೆಲ್ಲ ಕುರಿ ವಾಸನೆ, ಬೇಡ ಎನ್ನುತ್ತಿದ್ದ. ತಂಗಿಯ ಮದುವೆಗೂ ಜನರ ಜೊತೆ ಲಾರಿಯಲ್ಲಿ ಬಂದ. ನನ್ನ ಮೇಲಿನ ಹೊಟ್ಟೆಕಿಚ್ಚು ಎಂದೇ ತಿಳಿದೆ. ಹಾಗೆ ತಿಳಿದದ್ದಕ್ಕೆ ಈಗಲೂ ನನ್ನ ಮೇಲೆ ನನಗೆ ಸಿಟ್ಟಿದೆ.

ಒಂದು ಮದುವೆಯವರು ಧಾರೆ ಸೀರೆಗೆಂದು ಮೊಳಕಾಲ್ಮೂರಿಗೆ ಹೊರಟರು. ಅವರನ್ನು ಆ ಓಣಿಗೇ ಕರೆದುಕೊಂಡು ಹೋದೆ. ಆಯಮ್ಮ ಈಗ ಮನೆಯಲ್ಲೇ ಒಂದು ಮಗ್ಗ ಹಾಕಿಸಿ ನೇಯಿಸಿ ಮಾರುತ್ತಿದ್ದರು. ಕಾರನ್ನು ಕಂಡು ಹೊರಗೆ ಬಂದು ಮುಖವರಳಿಸಿದರು. "ಚೆನ್ನಾಗಿ ಇಟ್ಕೊಂಡಿದ್ದೀಯ ನಾಯ್ನಾ. ಇನ್ನೊಂದು ಮಗ್ಗ ಹಾಕ್ಬೇಕಂತಿದ್ದೆ, ದುಡ್ಡು ಸಾಲ್ಲಿಲ್ಲ. ಏನ್ಮಾಡೋದು, ಕಾರಿಗೆ ಮೂರಕ್ಕಿಂತ ಮೇಲೆ ಬರಲ್ಲ ಅಂದ ಮೈದುನ. ಹೋಗ್ಲಿ, ಒಳ್ಳೆ ಕೈಗೆ ಸೇರ್ತಲ್ಲ, ಅಷ್ಟು ಸಾಕು."

ಮೂರು. ನಾನು ಕೊಟ್ಟದ್ದು ನಾಲ್ಕು. ಹೇಳಬೇಕಿತ್ತು, ಹೇಳಲಿಲ್ಲ. ಸೀರೆ ಕೊಂಡವರನ್ನು ಊರಿಗೆ ಮುಟ್ಟಿಸಿ ನೇರ ಸಂತೆಗೆ ಹೋದೆ.

ಅಂದು ಸಂತೆ ಮುಗಿಯುತ್ತಾ ಬಂದಿತ್ತು. ಅಪ್ಪ ಬೇವಿನ ಮರದ ಕೆಳಗೆ ಒಬ್ಬನೇ ಕೂತು ಬೀಡಿ ಸೇದುತ್ತಿದ್ದ. "ಅವತ್ತು ಅವ್ನು ನಿಂಗೆ ಏನು ಹೇಳ್ದ?" ಎಂದು ನಿಂತೇ ಕೇಳಿದೆ. ಯಾವತ್ತು, ಯಾರು ಎಂದು ಅಪ್ಪ ಕೇಳಲಿಲ್ಲ.

"ಅದು ಬಾಯಾಗೆ ಆಡೋ ಮಾತಲ್ಲ" ಎಂದ.

ನಾನು ಅಪ್ಪನ ಎದುರು ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತೆ. ಅವನ ಹೆಗಲ ಮೇಲಿನ ಟವೆಲ್ಲನ್ನು ನಾನೇ ಎಳೆದು ಇಬ್ಬರ ನಡುವೆ ಹಾಕಿ ಅದರ ಕೆಳಗೆ ಕೈ ತೂರಿಸಿದೆ. ಅಪ್ಪ ಬೀಡಿ ಆರಿಸಿದ. ಅವನ ಒರಟು ಕೈ ನನ್ನ ಕೈಯನ್ನು ಹುಡುಕಿಕೊಂಡು ಬಂತು. ಮೂರು ಬೆರಳು ಹಿಡಿದು ಅತ್ತ ತಳ್ಳಿತು, ಮನೆಯೊಳಗಿನವಳಿಗೆ ಎನ್ನುವಂತೆ. ಆಮೇಲೆ ಒಂದು ಬೆರಳು ಹಿಡಿದು ತನ್ನ ಎದೆಯ ಕಡೆಗೆ ಎಳೆದುಕೊಂಡಿತು. ಮೈದುನ ಅವತ್ತು ಹೀಗೇ ಎಳೆದುಕೊಂಡಿದ್ದ.

"ನಾನೇ ಕೆಟ್ಟದ್ದು ಮಾಡ್ದೆ" ಎಂದ ಅಪ್ಪ ಮೆಲ್ಲಗೆ. "ಆಯಮ್ಮ ಬಾಯಿ ಬಿಟ್ಟು ಹೇಳ್ತಿದ್ಲು. ಸುಮ್ನೆ ಕೇಳಿದ್ರೆ ಆಗ್ತಿತ್ತು. ಗಂಡಸಿನ ಕೈ ಬೇಕು ಅಂತ ನಾನೇ ಅವ್ನನ್ನ ಕರ್ಸಿದೆ."

"ಕಳ್ಳ. ಒಂದು ಲಕ್ಷ ತಿಂದ."

"ಅವ್ನು ತಿಂದ, ನಿಜ. ಐದರ ಮಾಲು. ಆಯಮ್ಮಗೆ ಸಿಕ್ಕಿದ್ದು ಮೂರು. ಅವ್ನು ತಿಂದಿದ್ದು ಒಂದು. ಇನ್ನೊಂದು ಎಲ್ಲಿಗೆ ಹೋತ್ಲೇ?"

ನನಗೆ ಏಳಬೇಕೆನ್ನಿಸಿತು. ಕೈ ಎಳೆದುಕೊಂಡೆ, ಬರಲಿಲ್ಲ. ಅಪ್ಪ ಟವೆಲ್ಲಿನ ಕೆಳಗೆ ನನ್ನ ತೋರುಬೆರಳೊಂದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದ. ಒಂದು. ನಾನು ವಾದ ಮಾಡಿದೆ. ವ್ಯಾಪಾರ ಎಂದರೆ ಇಷ್ಟೇ ಎಂದೆ, ಅವಳೇ ಕೇಳಬಹುದಿತ್ತು ಎಂದೆ, ಮೂರು ವರ್ಷದ ಮೇಲೆ ಯಾವ ಮುಖ ಹೊತ್ತು ಹೋಗಲಿ ಎಂದೆ. ಅಪ್ಪ ಬೆರಳು ಬಿಡಲಿಲ್ಲ. ಕುರಿ ತುಂಬಿದ ಲಾರಿಗಳು ಒಂದೊಂದಾಗಿ ಹೊರಟವು. ನನ್ನ ಕಾಲು ಜೋಮು ಹಿಡಿದಿತ್ತು. ಅಷ್ಟು ಹೊತ್ತು ಒಂದೇ ಕಡೆ ನಾನು ಕೂತದ್ದು ಅದೇ ಮೊದಲು.

"ಆಯ್ತು. ಕೊಡ್ತೀನಿ" ಎಂದೆ ಕೊನೆಗೆ.

ಅಪ್ಪ ಕೈ ಬಿಟ್ಟ.

ಹತ್ತು ದಿನದಲ್ಲಿ ವ್ಯಾನ್ ಮಾರಿದೆ. ಮೊಳಕಾಲ್ಮೂರಿಗೆ ಹೊರಡುವ ಬೆಳಿಗ್ಗೆ ಕಾರು ತಿರುಗಿಸಿ ನಿಲ್ಲಿಸಿ, ಕಾಗದದಲ್ಲಿ ಸುತ್ತಿದ ದುಡ್ಡನ್ನು ಸೀಟಿನ ಕೆಳಗಿಟ್ಟು ತಲೆ ಎತ್ತಿದರೆ, ಆಚೆ ಬದಿಯ ಬಾಗಿಲು ತೆರೆದುಕೊಂಡಿತು. ಅಪ್ಪ ಚಪ್ಪಲಿಯ ಧೂಳು ಕೊಡವಿ ನನ್ನ ಪಕ್ಕ ಹತ್ತಿ ಕೂತ.