ನಿಧಾನಪ್ಪನವರ ಕುರ್ಚಿ

ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಮೂವತ್ತೆಂಟು ವರ್ಷದಿಂದ ಆ ಬೀದಿಯಲ್ಲಿ ಅವರನ್ನು ಕರೆಯುವುದು ನಿಧಾನಪ್ಪ ಎಂದೇ. ಯಾವನೋ ಗಿರಾಕಿ ತಮಾಷೆಗೆ ಶುರುಮಾಡಿದ್ದು. ಆ ಗಿರಾಕಿ ತೀರಿಕೊಂಡೂ ಬಹಳ ಕಾಲವಾಯಿತು, ಹೆಸರು ಮಾತ್ರ ಬಿಡದೆ ಅಂಟಿಕೊಂಡಿತು. ಅವರಿಗೇನೂ ಬೇಸರವಿಲ್ಲ. ಒಂದು ಗಡ್ಡಕ್ಕೆ ಮುಕ್ಕಾಲು ಗಂಟೆ ಹಿಡಿಯುವ ಮನುಷ್ಯನನ್ನು ಇನ್ನೇನು ಮಿಂಚಪ್ಪ ಎಂದು ಕರೆಯುತ್ತಾರೆಯೇ!

ಮುಕ್ಕಾಲು ಗಂಟೆ ಎಂದರೆ ಸೋಮಾರಿತನ ಎಂದುಕೊಳ್ಳಬೇಡಿ. ಮೊದಲು ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ಲು ಮುಖದ ಮೇಲೆ. ಆಮೇಲೆ ಬ್ರಷ್ಷಿನಿಂದ ಒಂದು ಸಲ ನೊರೆ. ಕೂದಲು ಮೆತ್ತಗಾಗಲಿ ಎಂದು ಅದನ್ನು ಹಾಗೇ ಬಿಟ್ಟು, ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಎಳೆಯುವುದು. ಮತ್ತೆ ಇನ್ನೊಂದು ಸಲ ನೊರೆ. ಈ ಎರಡು ನೊರೆಗಳ ನಡುವೆ ಜನ ಲೋಕದ ಮಾತೆಲ್ಲ ಆಡುತ್ತಿದ್ದರು, ಇಲ್ಲವೇ ನಿದ್ದೆ ಹೋಗುತ್ತಿದ್ದರು. ನಿದ್ದೆ ಹೋದರೆ ನಿಧಾನಪ್ಪನವರು ಕತ್ತಿ ಕೆಳಗಿಡುತ್ತಿದ್ದರು. ಮಲಗಿದವನ ಗಂಟಲ ಮೇಲೆ ಕತ್ತಿ ಆಡಿಸಬಾರದು, ಅವನು ಬೆಚ್ಚಿಬಿದ್ದರೆ ಗತಿಯೇನು? ಎಬ್ಬಿಸಲೂ ಬಾರದು. ಕೆಲಸ ಕಲಿಸಿದ ಸೋದರಮಾವ ಹಾಗೆ ಹೇಳಿಕೊಟ್ಟಿದ್ದರು. ಸ್ಟೂಲಿನ ಮೇಲೆ ಕೂತು ಕಾಯಬೇಕು, ಅಷ್ಟೆ. ಗೋಡೆಯ ಪಕ್ಕ ಬೆಂಚಿನ ಮೇಲಿದ್ದವರೂ ದನಿ ತಗ್ಗಿಸಿಕೊಂಡು ಕಾಯುತ್ತಿದ್ದರು.

ಆ ಬೆಂಚು ಈಗಿಲ್ಲ. ಮಂಡಿ ಆಪರೇಷನ್ ಆಗಿ ಅವರು ನಾಲ್ಕು ತಿಂಗಳು ಮನೆಯಲ್ಲಿ ಬಿದ್ದುಕೊಂಡಿದ್ದಾಗ ಮಗಳು ಅಂಗಡಿ ವಹಿಸಿಕೊಂಡಳು. ಕೈಯಲ್ಲಿ ಅಪ್ಪನಿಗಿಂತ ಚುರುಕು, ಬಾಯಲ್ಲಿ ಇನ್ನೂ ಚುರುಕು. ಬೆಂಚಿದ್ದ ಕಡೆ ಶಾಂಪೂ ಬಾಟಲಿಗಳ ಕಪಾಟು ಬಂತು, ಕನ್ನಡಿಯ ಪಕ್ಕ ಒಂದು ಟ್ಯಾಬು ಬಂತು. ಜನ ಫೋನಿನಲ್ಲೇ ಹೊತ್ತು ಗೊತ್ತುಮಾಡಿಕೊಂಡು ಬರುತ್ತಾರೆ. ತಲೆಯಾಗಲಿ ಗಡ್ಡವಾಗಲಿ, ಒಬ್ಬರಿಗೆ ಇಪ್ಪತ್ತೇ ನಿಮಿಷ. ಹೊತ್ತು ಮುಗಿದ ಕೂಡಲೇ ಟ್ಯಾಬು ಟಿಂಗ್ ಎನ್ನುತ್ತದೆ. ಅಂಗಡಿ ಉಳಿದಿರುವುದೇ ಇದರಿಂದ ಎಂಬುದು ನಿಧಾನಪ್ಪನವರಿಗೂ ಗೊತ್ತು. ಗೊತ್ತಿದ್ದೂ ಸುಸ್ತು. ಸಂಜೆ ಮನೆಗೆ ಹೋಗಿ ಕಾಲು ಚಾಚಿ ಕೂತು, ಇವತ್ತು ಯಾರ್ಯಾರು ಬಂದಿದ್ದರು ಎಂದು ನೆನೆಸಿಕೊಂಡರೆ ಒಂದು ಮುಖವೂ ನೆನಪಾಗುವುದಿಲ್ಲ. ಮೊದಲಾದರೆ ಯಾರ ಕೆನ್ನೆಯಲ್ಲಿ ಎಲ್ಲಿ ಮಚ್ಚೆ ಎಂಬುದು ಬಾಯಿಪಾಠವಿತ್ತು.

ಹಳಬರಲ್ಲಿ ಉಳಿದಿದ್ದವರು ಒಬ್ಬರೇ, ಸಿಟಿ ಬಸ್ಸಿನ ಡ್ರೈವರ್. ಪ್ರತಿ ಶನಿವಾರ ಮೂರು ಗಂಟೆಗೆ ಬರುತ್ತಿದ್ದರು. ಮೊದಲು ಬಸ್ಸು ಕೊನೆಯ ಸ್ಟಾಪು ಮುಟ್ಟಿದರೆ ಕಾಲು ಗಂಟೆ ಬಿಡುವಿತ್ತಂತೆ, ಸೀಟಿಗೆ ಒರಗಿ ಕಣ್ಣು ಮುಚ್ಚಬಹುದಿತ್ತಂತೆ. ಈಗ ತಿರುಗಿಸಿಕೊಂಡು ಹೊರಡುವುದೊಂದೇ. "ಮನೇಲಿ ಕಣ್ಣು ಮುಚ್ಚಿದ್ರೂ ರಸ್ತೆ ಓಡ್ತಾನೇ ಇರತ್ತೆ ಅಣ್ಣ. ನಿಮ್ಮ ಕುರ್ಚೀಲಿ ಮಾತ್ರ ನಿಲ್ಲತ್ತೆ" ಎನ್ನುತ್ತಿದ್ದರು. ಮೊದಲ ನೊರೆ ಮುಗಿಯುವಷ್ಟರಲ್ಲಿ ಬಾಯಿ ತೆರೆದು ಗೊರಕೆ.

ಒಂದು ಶನಿವಾರ ಹೀಗೇ ನಿದ್ದೆ ಹತ್ತಿತು. ಹೊತ್ತು ಮೀರುತ್ತಿತ್ತು. ಟ್ಯಾಬು ಟಿಂಗ್ ಎಂದರೆ ಪಾಪ ಎದ್ದುಬಿಡುತ್ತಾರಲ್ಲ ಎಂದು ನಿಧಾನಪ್ಪನವರು ತಮಗೆ ತೋಚಿದ ಉಪಾಯ ಮಾಡಿದರು: ಬಿಸಿ ಟವೆಲ್ಲನ್ನು ತಂದು ಟ್ಯಾಬಿಗೇ ಹೊದಿಸಿದರು. ಅದು ಉಸಿರೆತ್ತಲಿಲ್ಲ, ಆ ದಿನ ಮಾತ್ರವಲ್ಲ, ಮತ್ತೆಂದೂ! ಕಾದು ಕಾದು ಮೂವರು ಗಿರಾಕಿಗಳು ಎದ್ದುಹೋದರು. ಅವರಲ್ಲೊಬ್ಬ ಪುಣ್ಯಾತ್ಮ ಫೋನಿನಲ್ಲಿ ಎಲ್ಲರಿಗೂ ಕಾಣುವಂತೆ, 'ಇಲ್ಲಿ ಗಿರಾಕಿ ಮಲಗುತ್ತಾರೆ, ಕ್ಷೌರದವರು ಕಾವಲು ಕಾಯುತ್ತಾರೆ' ಎಂದು ಬರೆದು ಒಂದೇ ಒಂದು ನಕ್ಷತ್ರ ಕೊಟ್ಟ.

ಮಗಳು ಕೂಗಾಡಲಿಲ್ಲ. ಅಂಗಡಿಯ ಬಾಗಿಲೆಳೆದು ಎದುರಿಗೆ ಕೂತಳು.

"ಅಪ್ಪಾ, ನನಗೂ ಸಾಕಾಗಿದೆ. ಬೆಳಗ್ಗೆಯಿಂದ ನಿಂತ ಕಾಲಲ್ಲಿ ದುಡೀತೀನಿ. ಇನ್ನೊಂದು ಸಲ ಹೀಗಾದ್ರೆ ನಿನ್ನ ಕುರ್ಚಿಗೆ ಬೇರೆಯವರನ್ನ ಕರ್ಕೋತೀನಿ. ನೀನು ಮನೇಲಿ ಆರಾಮಾಗಿರು."

ಆರಾಮಾಗಿರುವುದು ಹೇಗೆಂದು ಅವರು ಆ ನಾಲ್ಕು ತಿಂಗಳಲ್ಲಿ ಕಂಡಿದ್ದರು. ಫ್ಯಾನಿನ ರೆಕ್ಕೆ ಎಣಿಸಿ ಎಣಿಸಿ ತಲೆಕೆಟ್ಟಿತ್ತು. ಕತ್ತಿ ಹಿಡಿಯದ ಕೈ ತನ್ನದೇ ಅಲ್ಲವೆನ್ನಿಸುತ್ತಿತ್ತು. ಕುರ್ಚಿ ಹೋದರೆ ತಾನಿಲ್ಲ ಎಂದು ಅವರಿಗೆ ನಿಜವಾಗಿಯೂ ಹೆದರಿಕೆಯಾಯಿತು.

ಮುಂದಿನ ಶನಿವಾರ ಮೂರಕ್ಕೆ ಸರಿಯಾಗಿ ಡ್ರೈವರ್ ಬಂದರು. ಕಣ್ಣು ಕೆಂಡದಂತಿದ್ದವು. "ಈ ವಾರ ಡಬಲ್ ಡ್ಯೂಟಿ ಅಣ್ಣ" ಎಂದವರೇ ಕೂತು ತಲೆ ಹಿಂದಕ್ಕೆ ಚೆಲ್ಲಿದರು. ನಿಧಾನಪ್ಪನವರು ಬೇಕೆಂದೇ ಮಾತಿಗೆಳೆದರು. ಬಸ್ಸಿನ ವಿಷಯ ಕೇಳಿದರು, ಮಳೆಯ ವಿಷಯ ಕೇಳಿದರು, ಬಿಸಿ ಟವೆಲ್ಲನ್ನೂ ಬಿಟ್ಟರು. ಏನು ಮಾಡಿದರೇನು, ಮೂರು ಗಂಟೆ ಐದು ನಿಮಿಷಕ್ಕೆಲ್ಲ ಗೊರಕೆ ಶುರುವಾಯಿತು.

ಅವರು ಕತ್ತಿ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತರು. ಹತ್ತು ನಿಮಿಷವಾಯಿತು. ಮುಂದಿನ ಗಿರಾಕಿ, ಕಿವಿಗೆ ಏನನ್ನೋ ತುರುಕಿಕೊಂಡ ತರುಣ, ಬಂದು ಬಾಗಿಲಲ್ಲಿ ನಿಂತ. ಪಕ್ಕದ ಕುರ್ಚಿಯಲ್ಲಿ ಕತ್ತರಿ ಆಡಿಸುತ್ತಿದ್ದ ಮಗಳು ಕನ್ನಡಿಯಲ್ಲಿ ಅಪ್ಪನನ್ನು ನೋಡಿದಳು. ಎರಡು ಮಾತು ಬೈದಿದ್ದರೂ ವಾಸಿಯಿತ್ತು, ಅದೇ ನೆಪದಲ್ಲಿ ಹಟ ಹಿಡಿಯಬಹುದಿತ್ತು. ಡ್ರೈವರರ ಕೆನ್ನೆಯ ಮೇಲೆ ನೊರೆ ಒಣಗಿ ಬಿರುಕು ಬಿಡುತ್ತಿತ್ತು.

ನಿಧಾನಪ್ಪನವರು ಎದ್ದರು. ಮೂವತ್ತೆಂಟು ವರ್ಷದಲ್ಲಿ ಮಾಡದ ಕೆಲಸ ಮಾಡಿದರು. ಭುಜದ ಮೇಲೆ ಕೈಯಿಟ್ಟು ಅಲುಗಾಡಿಸಿದರು.

ಡ್ರೈವರರ ಬಲಗಾಲು ಕುರ್ಚಿಯ ಮುಂದಿನ ಕಬ್ಬಿಣದ ಮೆಟ್ಟಿಲನ್ನು ಧಡ್ ಎಂದು ತುಳಿಯಿತು. ಎರಡೂ ಕೈ ಗಾಳಿಯಲ್ಲಿ ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿದಿದ್ದವು.

"ಯಾರಿಗಾದ್ರೂ ತಾಗ್ತಾ?" ಎಂದು ಕೂಗಿದರು.

ಅಂಗಡಿಯೆಲ್ಲ ತಿರುಗಿ ನೋಡಿತು.

"ಇಲ್ಲ, ಡ್ರೈವರ್ರೇ. ಅಂಗಡೀಲಿದ್ದೀರ. ನಾನೇ ಎಬ್ಬಿಸಿದ್ದು."

"ನೀವಾ?" ಡ್ರೈವರ್ ಒಂದು ಕ್ಷಣ ಅವರ ಮುಖ ನೋಡಿದರು. ಆಮೇಲೆ ಬಾಗಿಲಲ್ಲಿದ್ದ ತರುಣನನ್ನು ನೋಡಿ ಎಲ್ಲ ಅರ್ಥವಾದವರಂತೆ ತಲೆಯಾಡಿಸಿದರು. "ಛೆ ಛೆ, ತಪ್ಪು ನಂದೇ ಬಿಡಿ. ಮುಗಿಸಿ, ಮುಗಿಸಿ."

ಎರಡನೆಯ ನೊರೆಯಿಲ್ಲದೆ ಐದೇ ನಿಮಿಷದಲ್ಲಿ ಗಡ್ಡ ಮುಗಿಯಿತು. ಹೊಸ ಟ್ಯಾಬು ಟಿಂಗ್ ಎನ್ನುವ ಹೊತ್ತಿಗೆ ಡ್ರೈವರ್ ಎದ್ದು ನಿಂತಿದ್ದರು. ಹೋಗುವಾಗ ನಿಧಾನಪ್ಪನವರ ಕೈಯನ್ನು ತಮ್ಮೆರಡೂ ಕೈಯಲ್ಲಿ ಹಿಡಿದುಕೊಂಡರು. "ಇನ್ಮೇಲೆ ಮನೇಲೇ ಮಾಡ್ಕೋತೀನಿ ಅಣ್ಣ. ನಿಮಗ್ಯಾಕೆ ಸುಮ್ನೆ ತೊಂದ್ರೆ" ಎಂದು ಮೆಲ್ಲಗೆ ಹೇಳಿದರು. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಿಧಾನಪ್ಪನವರು ಸಮಾಧಾನ ಮಾಡಿ ಉಳಿಸಿಕೊಳ್ಳುತ್ತಿದ್ದರೇನೋ.

"ನೋಡಿದ್ಯಾಪ್ಪಾ, ಆಗತ್ತೆ ನಿನ್ನಿಂದ!" ಮಗಳ ಮುಖ ಅರಳಿತ್ತು. "ಕುರ್ಚಿ ನಿಂದೇ, ಯಾರನ್ನೂ ಕರ್ಕೊಳಲ್ಲ. ಮುಂದಿನ ಶನಿವಾರ ಅವರಿಗೆ ಮೂರು ಗಂಟೆ ಹಾಕ್ಲಾ?"

"ಬೇಡಮ್ಮ. ಅವರು ಬರಲ್ಲ."

ಕತ್ತರಿ ನಿಂತಿತು. ಮಗಳು ಏನೋ ಕೇಳಲು ಹೊರಟಳು. ಅಷ್ಟರಲ್ಲಿ ತರುಣ ಕುರ್ಚಿಯಲ್ಲಿ ಕೂತು, ಕಿವಿಯದನ್ನು ತೆಗೆಯದೆಯೇ, "ಅಂಕಲ್, ಬೇಗ ಆಗತ್ತಲ್ವಾ?" ಎಂದ.

"ಆಗತ್ತಪ್ಪ, ಈಗ ಬೇಗ ಆಗತ್ತೆ" ಎಂದು ನಿಧಾನಪ್ಪನವರು ಬಟ್ಟೆ ಕೊಡವಿ ಅವನಿಗೆ ಹೊದಿಸಿದರು.