ಮಗುಚಬಾರದ ಜಮಖಾನ

೧೯೭೯ರ ಫೆಬ್ರವರಿಯಲ್ಲಿ, ಮಾವು ಹೂಬಿಟ್ಟಿದ್ದ ಕಾಲದಲ್ಲಿ, ಶ್ರೀನಿವಾಸಪುರದ ನಮ್ಮ ಮನೆಯಲ್ಲಿ ಹಾಸಿದ್ದ ಜಮಖಾನದ ಮೇಲೆ ಒಂದು ಲೋಟ ಕಾಫಿ ಚೆಲ್ಲಿತು. ಚೆಲ್ಲಿದವರು ಮಾವಿನ ಮಂಡಿಯ ಸಾಹುಕಾರರು. ನಮ್ಮ ತೋಟದ ಫಸಲನ್ನು ಹೂವಿನಲ್ಲೇ ಮಾತಾಡಿಕೊಳ್ಳಲು ಬಂದಿದ್ದರು. ಆ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಟವಲಿನ ಕೆಳಗೆ ಒಬ್ಬರ ಕೈಯನ್ನೊಬ್ಬರು ಹಿಡಿದು ಬೆರಳಲ್ಲಿ ತಿಳಿಸುತ್ತಿದ್ದರು. ಅಪ್ಪ ಯಾವ ಬೆರಳು ಒತ್ತಿದರೋ, ಸಾಹುಕಾರರು ಚೇಳು ಕುಟುಕಿದವರಂತೆ ಕೈ ಎಳೆದುಕೊಂಡರು. ಟವಲಿನ ತುದಿ ಲೋಟವನ್ನು ಕೆಡವಿತು.

"ಏನ್ರೀ ಇದು, ಕಾಯಿ ಮಾರ್ತಿದ್ದೀರೋ, ತೋಟಾನೇ ಮಾರ್ತಿದ್ದೀರೋ?" ಎಂದರು ಸಾಹುಕಾರರು. ಜಮಖಾನದ ವಿಷಯ ಎತ್ತಲಿಲ್ಲ.

ಜಮಖಾನ ನಮ್ಮದಾಗಿರಲಿಲ್ಲ. ಅದು ಅಜ್ಜಿಗೆ ತವರಿನಿಂದ ಬಂದದ್ದು. ಕೆಂಪು ನೆಲದ ಮೇಲೆ ನೀಲಿ ಪಟ್ಟೆ, ಎರಡೂ ಮಗ್ಗುಲು ಒಂದೇ ನಮೂನೆ. ಎಷ್ಟು ದಪ್ಪವೆಂದರೆ ಒಂದು ಕಡೆ ಚೆಲ್ಲಿದ್ದು ಇನ್ನೊಂದು ಕಡೆಗೆ ಇಳಿಯುತ್ತಿರಲಿಲ್ಲ. ಮಾಸ್ತಿ ಕಡೆಯ ಹಳ್ಳಿಯಲ್ಲಿದ್ದ ಅಜ್ಜಿ ಅದನ್ನು ಮೂವರು ಸೊಸೆಯರಿಗೆ ವರ್ಷಕ್ಕೊಬ್ಬರಂತೆ ಸರದಿಗೆ ಬಿಟ್ಟಿದ್ದರು. ಕೋಲಾರದ ದೊಡ್ಡಮ್ಮ, ನಂತರ ನಮ್ಮಮ್ಮ, ನಂತರ ಮುಳಬಾಗಿಲಿನ ಚಿಕ್ಕಮ್ಮ. ಯುಗಾದಿಯ ಮಾರನೆಯ ದಿನ, ಹೊಸತೊಡಕಿನ ಮಾಂಸದೂಟಕ್ಕೆ ಎಲ್ಲರೂ ಜಮಖಾನವಿದ್ದ ಮನೆಯಲ್ಲಿ ಸೇರಿದಾಗ, ಅಜ್ಜಿ ಅದನ್ನು ಬೆಳಕಿನಲ್ಲಿ ನೋಡಿ ಮುಂದಿನ ಮನೆಗೆ ಒಪ್ಪಿಸುತ್ತಿದ್ದರು. ಕಲೆ ಮಾಡಿದ ಮನೆಗೆ ಮತ್ತೆ ಸರದಿ ಇಲ್ಲ. ಚೆಲ್ಲಿದ್ದು ನೆಂಟರಾದರೂ ಹೊಣೆ ಆ ಮನೆಯದೇ.

ಅಮ್ಮನಿಗೆ ಸರದಿ ಬೇಕಾಗಿದ್ದುದು ನಮ್ಮಕ್ಕನ ಮದುವೆಗೆ. ಎರಡು ವರ್ಷದಲ್ಲಿ ಮದುವೆ ಮಾಡಬೇಕೆಂದಿತ್ತು, ಜಮಖಾನವೂ ಆಗಲೇ ತಿರುಗಿ ಬರುತ್ತಿತ್ತು. ಗಂಡಿನ ಕಡೆಯವರನ್ನು ಅದರ ಮೇಲೆ ಕೂರಿಸುತ್ತೇನೆಂದು ಅಮ್ಮ ಬೀದಿಗೆಲ್ಲ ಹೇಳಿಯಾಗಿತ್ತು.

ಸಾಹುಕಾರರು ಹೊಸಿಲು ದಾಟಿದ ಕೂಡಲೇ ಅಮ್ಮ ಒದ್ದೆ ಬಟ್ಟೆಯಿಂದ ಒತ್ತಿದರು. ಕಾಫಿ ಅಗಲವಾಯಿತು. ಉಪ್ಪು ಉದುರಿಸಿದರು. ರಾಗಿ ಹಿಟ್ಟು ಹೀರಿಕೊಳ್ಳುತ್ತದೆಂದು ಅದನ್ನೂ ಹಾಕಿದರು. ಹಿಟ್ಟು ಅಂಬಲಿಯಾಗಿ ನೂಲಿನ ಸಂದಿಯಲ್ಲಿ ಕೂತಿತು. ಸಕ್ಕರೆಗೆ ಇರುವೆ ಬಂದವು. ಆಗ ಪಕ್ಕದ ಮನೆಯಾಕೆ ಬಂದರು. ಅವರದು ಅರ್ಧ ತೆಲುಗು, ಅರ್ಧ ಕನ್ನಡ.

"ಅಯ್ಯೋ ವದಿನಾ, ಹುಣಸೆಹಣ್ಣು ಹಾಕಿ ಉಜ್ಜಿ! ಹಿತ್ತಾಳೆ ಬಿಂದಿಗೇನೇ ಬಂಗಾರ ಆಗ್ತದೆ, ಇದ್ಯಾವ ಲೆಕ್ಕ?"

ಅಮ್ಮ ಉಜ್ಜಿದರು. ಕಾಫಿಯ ಕಲೆ ಅಂಗೈಯಷ್ಟಿತ್ತು. ಹುಣಸೆಯ ಕಲೆ ಮುತ್ತುಗದ ಎಲೆಯಷ್ಟಾಯಿತು.

"ಬಿಂದಿಗೆ ಅಲ್ವಲ್ಲಮ್ಮ ಇದು," ಎಂದಳು ನಮ್ಮಕ್ಕ. "ಮಗುಚಿ ಹಾಸಿಬಿಡು. ಯಾರಿಗ್ ಗೊತ್ತಾಗುತ್ತೆ?"

"ಸುಮ್ನಿರೇ. ಮಗುಚಬಾರದು ಕಣೇ. ಮನೆಗೆ ಒಳ್ಳೇದಲ್ವಂತೆ, ನಿಮ್ ದೊಡ್ಡಮ್ಮ ಹೇಳಿದ್ದಾರೆ."

ಇದು ನಿಜ. ಹಿಂದಿನ ವರ್ಷ ಜಮಖಾನ ಒಪ್ಪಿಸುವಾಗ ದೊಡ್ಡಮ್ಮ ಈ ಶಾಸ್ತ್ರವನ್ನು ಎರಡೆರಡು ಬಾರಿ ಹೇಳಿದ್ದರು. ಅದಕ್ಕೆ ಮೊದಲು ಯಾರೂ ಅದನ್ನು ಕೇಳಿರಲಿಲ್ಲ. ಅಮ್ಮ ಮಾತ್ರ ವರ್ಷವಿಡೀ ಪಾಲಿಸಿದ್ದರು. ಧೂಳು ಕೊಡವುವಾಗಲೂ ಒಂದೇ ಮಗ್ಗುಲು.

ಅಕ್ಕ ಒಂದು ಅಂಚು ಹಿಡಿದು ಎತ್ತಿ ಮಗುಚಿದಳು.

ಆ ಮಗ್ಗುಲಿನ ಮೂಲೆಯಲ್ಲಿ ಇನ್ನೊಂದು ಕಲೆ ಇತ್ತು. ಹಳೆಯದು, ನಮ್ಮದಕ್ಕಿಂತ ದೊಡ್ಡದು, ಸುತ್ತ ಬಣ್ಣ ಬಿಟ್ಟಿತ್ತು. ಅಮ್ಮ ಬಗ್ಗಿ ಮೂಸಿದರು. ಸೀಮೆಎಣ್ಣೆ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

ಆಮೇಲೆ ನಗು ನಿಂತಿತು. ಈಗ ಎರಡೂ ಮಗ್ಗುಲು ಕೆಟ್ಟಿದ್ದವು, ಜಮಖಾನ ಇದ್ದದ್ದು ನಮ್ಮ ಮನೆಯಲ್ಲಿ. ಎರಡೂ ಕಲೆ ನಮ್ಮ ತಲೆಗೇ ಬರುತ್ತಿದ್ದವು.

ಹೊಸತೊಡಕಿನ ದಿನ ಮಾಲೂರು, ಕೋಲಾರ, ಮುಳಬಾಗಿಲು ಎಲ್ಲ ಕಡೆಯಿಂದ ನೆಂಟರು ಬಸ್ಸಿಳಿದರು. ಅಮ್ಮ ಜಮಖಾನವನ್ನು ದೊಡ್ಡಮ್ಮನ ಕಲೆ ಮೇಲಾಗಿ ಹಾಸಿ, ಆ ಮೂಲೆಯ ಮೇಲೆ ಒಂದು ಮೊರ ಇಟ್ಟಿದ್ದರು. ದೊಡ್ಡಮ್ಮ ಎಲ್ಲರಿಗಿಂತ ಮುಂದೆ ಒಳಗೆ ಬಂದರು.

"ಬನ್ನಿ ಅಕ್ಕ, ನಿಮಗೇ ಅಂತ ಈ ಜಾಗ ಇಟ್ಟಿದ್ದೀನಿ," ಎಂದು ಅಮ್ಮ ಮೊರ ಎತ್ತಿದರು.

ದೊಡ್ಡಮ್ಮ ಮೂಲೆ ನೋಡಿದರು, ಅಮ್ಮನ ಮುಖ ನೋಡಿದರು, ಚಪ್ಪಲಿ ಬಿಚ್ಚುತ್ತಿದ್ದ ಅಜ್ಜಿಯನ್ನು ನೋಡಿದರು. ಕೈಕಾಲು ಕೂಡ ತೊಳೆಯದೆ ಅಲ್ಲೇ ಕೂತರು.

ಮಧ್ಯಾಹ್ನದವರೆಗೆ ಏಳಲಿಲ್ಲ. ಮುದ್ದೆ, ಸಾರು ಅಲ್ಲಿಗೇ ಹೋಯಿತು.

"ಏನ್ಲಾ, ನಿನ್ ಹೆಂಡ್ತಿಗೆ ಮಂಡಿ ನೋವಾ?" ಎಂದು ಅಜ್ಜಿ ದೊಡ್ಡಪ್ಪನನ್ನು ಕೇಳಿದರು.

"ಬಸ್ಸಲ್ಲಿ ಚೆನ್ನಾಗೇ ಇದ್ಲಮ್ಮ."

ಊಟ ಮುಗಿದ ಮೇಲೆ ಅಜ್ಜಿ ಜಮಖಾನದ ಸುತ್ತ ಒಂದು ಸುತ್ತು ಬಂದರು. ದೊಡ್ಡಮ್ಮ ಕೂತ ಜಾಗ ಬಿಟ್ಟು ಉಳಿದದ್ದು ಶುದ್ಧವಾಗಿತ್ತು.

"ಎಲ್ಲಿ, ಒಂದ್ಸಾರಿ ತಿರುವಿ ಹಾಕ್ರೇ."

ಅಮ್ಮನಿಗಿಂತ ಮೊದಲು ಮಾತಾಡಿದ್ದು ದೊಡ್ಡಮ್ಮ. "ಬೇಡ ಅತ್ತೆ, ಮಗುಚಬಾರದು. ಹಬ್ಬದ ಮಾರನೇ ದಿನ ಬೇರೆ. ನಾನು ಬೆಳಿಗ್ಗೆಯಿಂದ ಇದರ ಮೇಲೇ ಕೂತಿಲ್ವಾ? ಒಂದ್ ಚುಕ್ಕೆ ಇಲ್ಲ. ಎಷ್ಟು ಜೋಪಾನವಾಗಿ ಇಟ್ಕೊಂಡಿದ್ದಾಳೆ ನೋಡಿ!"

ಹಿರಿಯ ಸೊಸೆ ಎರಡನೆಯ ಸೊಸೆಯನ್ನು ಹೊಗಳಿದ್ದನ್ನು ಅಜ್ಜಿ ಅದೇ ಮೊದಲು ಕೇಳಿದ್ದು. ಬೆರಗಾಗಿ ಒಪ್ಪಿಕೊಂಡರು. ಅವರು ಅಡಕೆಲೆ ಹಾಕಿಕೊಳ್ಳಲು ಜಗಲಿಗೆ ಹೋದಾಗ ಓರಗಿತ್ತಿಯರಿಬ್ಬರೂ ಎರಡು ತುದಿ ಹಿಡಿದು ಜಮಖಾನ ಮಡಿಸಿದರು. ಮಡಿಸುವಾಗ ಕೆಳಗಿನ ಮಗ್ಗುಲು ಒಮ್ಮೆ ಮೇಲೆ ಬಂತು.

"ಏನ್ ಹಾಕ್ದೆ?" ಎಂದರು ದೊಡ್ಡಮ್ಮ, ತಗ್ಗಿದ ದನಿಯಲ್ಲಿ.

"ಹುಣಸೆಹಣ್ಣು. ನೀವು ಸೀಮೆಎಣ್ಣೆ ಅಲ್ವಾ?"

"ಹೂಂ. ಯಾವನೋ ಹೇಳ್ದ."

ಮಡಿಕೆಯನ್ನು ಚಿಕ್ಕಮ್ಮನ ಕೈಗಿಟ್ಟು ಇಬ್ಬರೂ ಒಟ್ಟಿಗೇ ಹೇಳಿದರು: "ಮಗುಚಬೇಡ ಕಣೇ."

ಮರುವರ್ಷ ಮುಳಬಾಗಿಲಿಗೆ ಹೋದೆವು. ಚಿಕ್ಕಮ್ಮ ಬಾಗಿಲಲ್ಲೇ ನಿಂತು, "ದೊಡ್ಡಕ್ಕ, ನಿಮ್ ಮೂಲೆ ಖಾಲಿ ಇದೆ," ಎಂದರು. ದೊಡ್ಡಮ್ಮ ಹೋಗಿ ಕೂತರು. ಚಿಕ್ಕಮ್ಮ ಮಾತ್ರ ನಟ್ಟನಡುವೆ ಕೂತು, ತಮ್ಮ ಮನೆಯಲ್ಲೇ ನೆಂಟರಂತೆ ಎಲ್ಲವನ್ನೂ ಕೈಗೆ ತರಿಸಿಕೊಂಡರು. ಅವರದು ಮಾಂಸದ ಸಾರಿನ ಕಲೆಯೆಂದು ನಮಗೆ ತಿಳಿದದ್ದು ಆಮೇಲೆ. ಕಲೆ ಕೆಳಮಗ್ಗುಲಲ್ಲಿದ್ದ ಅಮ್ಮ ಒಬ್ಬರೇ ಎದ್ದು ಓಡಾಡಿ ಬಡಿಸಿದರು.

"ಮೂರು ಸೊಸೇರಲ್ಲಿ ಮೈ ಬಗ್ಗಿಸೋಳು ಇವಳೊಬ್ಬಳೇ," ಎಂದರು ಅಜ್ಜಿ. ಕೂತಿದ್ದ ಇಬ್ಬರೂ ಹೌದೆಂದರು.

ಕೋಲಾರದ ಸರದಿ ಮುಗಿದು ೧೯೮೧ರ ಯುಗಾದಿಗೆ ಜಮಖಾನ ನಮ್ಮ ಮನೆಗೆ ಬಂತು. ಮೇ ತಿಂಗಳಲ್ಲಿ ನಮ್ಮಕ್ಕನ ಮದುವೆ. ಯಾವ ಮಗ್ಗುಲು ಮೇಲೆ ಹಾಸುವುದೆಂದು ಮೂವರು ಸೊಸೆಯರೂ ಕೋಣೆಯ ಬಾಗಿಲು ಹಾಕಿಕೊಂಡು ಮಾತಾಡಿದರು. ಒಂದೇ ಕಲೆ ಇರುವ ಅಮ್ಮನ ಮಗ್ಗುಲು ಎಂದು ತೀರ್ಮಾನವಾಯಿತು. ಆದರೆ ಹೆಣ್ಣಿನ ತಾಯಿ ಒಂದೇ ಕಡೆ ಕೂರುವಂತಿರಲಿಲ್ಲ. ಅಲ್ಲಿ ಬೀಗರನ್ನು, ಅಂದರೆ ಗಂಡಿನ ತಂದೆಯನ್ನು ಕೂರಿಸಿದರು.

"ಇಲ್ಲೇ ಕೂತ್ಕೊಳ್ಳಿ ಬೀಗರೇ, ಗಾಳಿ ಬರುತ್ತೆ," ಎಂದರು ದೊಡ್ಡಮ್ಮ. ಅಲ್ಲಿ ಕಿಟಕಿ ಇರಲಿಲ್ಲ.

ಚಿಕ್ಕಮ್ಮ ಅವರಿಗೆ ಕಾಫಿ ಕೊಟ್ಟರು, ಮುಗಿದ ಕೂಡಲೇ ಇನ್ನೊಂದು ಲೋಟ ಕೊಟ್ಟರು. ಊಟಕ್ಕೆ ಕರೆ ಬಂದು ಬೀಗರು ಎದ್ದಾಗ, ಎದುರಿಗೇ ಕೂತಿದ್ದ ಅಜ್ಜಿ ಕಲೆ ನೋಡಿ "ಅಯ್ಯೋ!" ಎಂದರು. ಬೀಗರು ಕೆಳಗೆ ನೋಡಿದರು. ಕೈಯಲ್ಲಿದ್ದ ಖಾಲಿ ಲೋಟ ನೋಡಿದರು.

"ತಪ್ಪಾಯ್ತು ತಾಯಿ," ಎಂದರು. "ಚೆಲ್ಲಿದ್ದೇ ಗೊತ್ತಾಗ್ಲಿಲ್ಲ. ಆಗ್ಲೇ ಒಣಗೂ ಹೋಗಿದೆ."

ಬೀಗರನ್ನು ಏನೂ ಅನ್ನುವಂತಿರಲಿಲ್ಲ. ಅಜ್ಜಿ, "ಶುಭವೇ ಬಿಡಿ," ಎಂದರು.

"ಪರವಾಗಿಲ್ಲ ಬೀಗರೇ, ಕಾಫಿ ತಾನೆ," ಎಂದರು ಅಮ್ಮ.

ಮುಂದಿನ ಯುಗಾದಿಗೆ ಜಮಖಾನ ಮುಳಬಾಗಿಲಿಗೆ ಹೋಯಿತು. ಅಜ್ಜಿಯೇ ಶುಭವೆಂದ ಕಲೆಯಾದ್ದರಿಂದ ನಮ್ಮ ಸರದಿ ತಪ್ಪಲಿಲ್ಲ. ಅದನ್ನು ಈಗಲೂ ಬೀಗರ ಕಲೆ ಎಂದೇ ಕರೆಯುತ್ತಾರೆ.